ದೊರೆ ಕೊಟ್ಟ ಅರೆಸ್ಟು

ಸೂರಿಗೆ ತೂಗಿದ ಬಟ್ಟೆಯ ಪಂಖದ ಹಗ್ಗ ಗೋಡೆಯ ತೂತಿನಲ್ಲಿ ಉಜ್ಜುವ ಸದ್ದು ಬದಲಾಗಿದೆ ಎಂಬುದು ಶಂಭುಲಿಂಗಪ್ಪನಿಗೆ ಹೊಳೆದದ್ದು ತಡವಾಗಿ. ಬೆಳಿಗ್ಗೆ ಪಂಖದ ಆಳು ಜವರಯ್ಯ ಜಗಲಿಯಲ್ಲಿ ಕೂತು ಎಳೆಯುತ್ತಿದ್ದಾಗ ಅದು ಒಂದೇ ಸಮನೆ ಬರುತ್ತಿತ್ತು, ಯಾರ ಗಮನಕ್ಕೂ ಬೀಳುತ್ತಿರಲಿಲ್ಲ. ಈಗ ಹಗ್ಗ ಹಿಡಿದಿದ್ದವನು ಬಂಗಲೆಯ ತೋಟದ ಆಳು. ಬಾವಿಯಿಂದ ನೀರು ಸೇದಿ ರೂಢಿಯಾದ ಕೈ ಅವನದು, ಜಗ್ಗಿ ಜಗ್ಗಿ ಬಿಡುತ್ತಿದ್ದ. ಪ್ರತಿ ಜಗ್ಗಿಗೂ ಒಳಗೆ ದೊರೆಯ ಮೇಜಿನ ಮೇಲಿನ ಕಾಗದಗಳು ಎದ್ದು ಬೀಳುತ್ತಿದ್ದವು. ದೊರೆ ಒಂದು ಸಲ ತಲೆಯೆತ್ತಿ ಪಂಖವನ್ನು ನೋಡಿದರು. ಬಾಗಿಲ ಬಳಿ ನಿಂತಿದ್ದ ಶಂಭುಲಿಂಗಪ್ಪ, ತಪ್ಪು ತನ್ನದೇ ಎನ್ನುವಂತೆ ಕೋಟಿನ ಗುಂಡಿ ಮುಟ್ಟಿಕೊಂಡ. ಕೋಟು ಅವನದಲ್ಲ, ಅಂಚೆಮನೆಯ ಗುಮಾಸ್ತರಿಂದ ಎರವಲು ತಂದದ್ದು, ಕಂಕುಳಲ್ಲಿ ಹಿಡಿಯುತ್ತಿತ್ತು. ನರಸೀಪುರದ ಅಮಲ್ದಾರರು ಮೈಸೂರಿಗೆ ಹೋಗಿದ್ದರು. ಇಂಗ್ಲಿಷ್ ಬಲ್ಲ ಇನ್ನೊಬ್ಬರು ಚಳಿಜ್ವರ ಹಿಡಿದು ಮಲಗಿದ್ದರು. ನಾಲೆ ನೋಡಲು ಬಂದ ಇಂಜಿನಿಯರ್ ದೊರೆಗೆ ಮಾತು ತಿರುಗಿಸಿ ಹೇಳಲು ಬೇರೆ ಯಾರೂ ಇಲ್ಲವೆಂದು, ತಾಲ್ಲೂಕು ಕಚೇರಿಯಲ್ಲಿ ನಕಲು ಬರೆಯುತ್ತಿದ್ದ ಶಂಭುಲಿಂಗಪ್ಪನನ್ನು ಬಂಗಲೆಗೆ ಕಳಿಸಿದ್ದರು. ಕಳಿಸುವಾಗ ಮುನ್ಷಿ ಶ್ರೀಕಂಠಯ್ಯನವರು ಕನ್ನಡಕದ ಮೇಲಿಂದ ನೋಡಿ, ‘ಮಾನ ಉಳಿಸಪ್ಪಾ’ ಎಂದಿದ್ದರು. ಆ ಮಾತು ಹುಲ್ಲುಕಡ್ಡಿ ಚುಚ್ಚಿದ ಹಾಗೆ ಇನ್ನೂ ಚುಚ್ಚುತ್ತಿತ್ತು.

ದೊರೆ ಅಂದದ್ದರಲ್ಲಿ ಗಿವ್ ಎಂದರೆ ಕೊಡು. ಅದರಲ್ಲಿ ಅನುಮಾನವಿಲ್ಲ. ಅನುಮಾನ ಇದ್ದದ್ದು ಅರೆಸ್ಟನ್ನು ಯಾಕೆ ಕೊಡಬೇಕು ಎಂಬಲ್ಲಿ. ಕಚೇರಿಯಲ್ಲಿ ದಿನವೂ ಕೇಳುವ ಮಾತು ಅದು. ಅರೆಸ್ಟ್ ಮಾಡು, ಅರೆಸ್ಟಾದ, ಅರೆಸ್ಟಿನಲ್ಲಿದ್ದಾನೆ. ಹೊಲದಲ್ಲಿ ದುಡಿಯುವ ಹೆಂಗಸರ ಬಾಯಲ್ಲೂ ಅದು ಸಲೀಸಾಗಿ ಬರುತ್ತದೆ. ಆದರೆ ಅರೆಸ್ಟನ್ನು ಕೊಟ್ಟದ್ದನ್ನು ಅವನು ಕೇಳಿರಲಿಲ್ಲ. ದೊರೆಗಳ ಇಂಗ್ಲಿಷಿನಲ್ಲಿ ಹಾಗಿರಬಹುದು, ಶಿಕ್ಷೆ ಕೊಡು ಎನ್ನುವುದಿಲ್ಲವೇ, ಹಾಗೆ. ಇಷ್ಟು ಸಮಾಧಾನ ಹೇಳಿಕೊಂಡ ಮೇಲೆ ಮನಸ್ಸು ಸುಮ್ಮನಾಗಬೇಕಾಗಿತ್ತು, ಆಗಲಿಲ್ಲ. ದೊರೆ ಜಗಲಿಗೆ ಬಂದು ನಿಂತ ರೀತಿ ಕಣ್ಣಮುಂದೆ ಬರುತ್ತಿತ್ತು. ಪಂಖ ನಿಂತದ್ದನ್ನು ಕಂಡು ಅವರೇ ಎದ್ದು ಬಂದಿದ್ದರು. ಗೋಡೆಗೊರಗಿ ಕೂತ ಜವರಯ್ಯನ ತಲೆ ಮೊಣಕಾಲಿನ ಮೇಲೆ ಬಿದ್ದಿತ್ತು, ಬಾಯಿ ತೆರೆದಿತ್ತು, ಹಗ್ಗ ಮಾತ್ರ ಮುಷ್ಟಿಯಲ್ಲೇ ಇತ್ತು. ದೊರೆ ಬಹಳ ಹೊತ್ತು ಅವನನ್ನೇ ನೋಡಿದರು. ಆಮೇಲೆ ಮೆಲ್ಲಗೆ, ಕೇಳಿಸಿತೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ, ‘ಗಿವ್ ದಟ್ ಪೂರ್ ಫೆಲೋ ಅರೆಸ್ಟ್’ ಎಂದು ಒಳಗೆ ಹೋದರು. ದನಿಯಲ್ಲಿ ಸಿಟ್ಟಿರಲಿಲ್ಲ. ದೊಡ್ಡವರು ಸಿಟ್ಟಿನಲ್ಲೂ ದನಿ ಏರಿಸುವುದಿಲ್ಲ ಎಂದು ಶಂಭುಲಿಂಗಪ್ಪ ಅಂದುಕೊಂಡಿದ್ದ. ಫೆಲೋ ಎಂಬ ಬೈಗುಳ ಅವನಿಗೆ ಚೆನ್ನಾಗಿ ಗೊತ್ತಿತ್ತು, ಅಮಲ್ದಾರರು ಅವನನ್ನು ದಿನಕ್ಕೊಂದು ಸಲವಾದರೂ ಹಾಗೆ ಕರೆಯುತ್ತಿದ್ದರು. ಫೆಲೋ ಬಂದಿದೆ, ಅರೆಸ್ಟ್ ಬಂದಿದೆ, ನಡುವೆ ಕೇಳಲು ಇನ್ನೇನಿದೆ? ಕೇಳಬಹುದಾಗಿತ್ತು. ಬೆಗ್ ಪಾರ್ಡನ್ ಸರ್ ಎಂದರೆ ಆಗುತ್ತಿತ್ತು. ಆದರೆ ಬೆಳಿಗ್ಗೆ ನಾಲೆಯ ತೂಬಿನ ಹತ್ತಿರ, ಗೌಡರುಗಳ ಎದುರಿನಲ್ಲಿ ಆಗಲೇ ಎರಡು ಸಲ ಹಾಗೆ ಅಂದಿದ್ದ, ಎರಡನೆಯ ಸಲ ದೊರೆ ಮೈಸೂರಿನಿಂದ ಬಂದ ತಮ್ಮ ಬಟ್ಲರನ ಕಡೆ ತಿರುಗಿ ನಕ್ಕಿದ್ದರು. ಆ ನಗು ಕಂಡ ಗೌಡರುಗಳೂ ಮೀಸೆಯಡಿ ನಕ್ಕಿದ್ದರು. ಮೂರನೆಯ ಸಲ ಕೇಳುವ ಧೈರ್ಯ ಅವನಿಗೆ ಬರಲಿಲ್ಲ.

ದಫೇದಾರನನ್ನು ಕರೆದು ಅರೆಸ್ಟ್ ಎಂದು ಹೇಳಿದವನು ಶಂಭುಲಿಂಗಪ್ಪನೇ. ದಫೇದಾರ ಕಲ್ಲಯ್ಯ ಬಂದು ಭುಜ ಅಲುಗಿಸಿದಾಗ ಜವರಯ್ಯ ಕಣ್ಣು ಬಿಡುವ ಮೊದಲೇ ಹಗ್ಗ ಎಳೆಯತೊಡಗಿದ. ಕಲ್ಲಯ್ಯ ಹಗ್ಗವನ್ನು ಅವನ ಕೈಯಿಂದ ಬಿಡಿಸಬೇಕಾಯಿತು.

‘ನಿದ್ದೆಗೂ ಅರೆಸ್ಟಾ ಬುದ್ದಿ?’ ಎಂದು ಜವರಯ್ಯ ಶಂಭುಲಿಂಗಪ್ಪನನ್ನು ಕೇಳಿದ. ನಿಜವಾಗಿಯೂ ತಿಳಿಯದೆ ಕೇಳಿದ್ದ. ‘ಕಳ್ತನ ಮಾಡಿಲ್ಲ, ಎದ್ರಾಡಿಲ್ಲ. ಮನೇಲಿ ನಮ್ಮವ್ವ ಉಸ್ರು ಎಳೀತಾವ್ಳೆ. ರಾತ್ರೆಲ್ಲ ಅವಳ ತಲೆ ತೊಡೆ ಮ್ಯಾಲಿಟ್ಕೊಂಡು ಕುಂತಿದ್ದೆ. ಒಸಿ ಕಣ್ಣು ಅಂಟ್ಕೊಂಬುಡ್ತು.’

‘ನಾನೇನು ಮಾಡಲಿ. ದೊರೆಗಳ ಹುಕುಂ.’

‘ನಡೀಲಾ ಜವರ, ಉಕುಂ ಆದ್ಮೇಲೆ ಮಾತೇನು,’ ಎಂದು ಕಲ್ಲಯ್ಯ ಅವನ ಹೆಗಲ ಮೇಲಿನ ವಸ್ತ್ರದಿಂದಲೇ ಅವನ ಎರಡೂ ಕೈ ಸೇರಿಸಿ ಕಟ್ಟಿದ. ಕಟ್ಟಿಸಿಕೊಳ್ಳಲು ಜವರಯ್ಯ ಕೈಗಳನ್ನು ತಾನೇ ಮುಂದೆ ನೀಡಿದ, ಗಂಟು ಹಾಕಲು ಅನುಕೂಲವಾಗಲಿ ಎನ್ನುವಂತೆ. ಅದನ್ನು ಮಾತ್ರ ಶಂಭುಲಿಂಗಪ್ಪ ನೋಡಬಾರದಾಗಿತ್ತು. ಇಬ್ಬರೂ ಕಚೇರಿಯ ಕಡೆ ಹೋಗುತ್ತಿದ್ದಾಗ ಅವನು ಹೊಳೆಯ ಕಡೆ ಮುಖ ತಿರುಗಿಸಿದ. ಬೇಸಿಗೆಯ ಹೊಳೆ, ಮರಳೇ ಹೆಚ್ಚು, ನಡುವೆ ಮೊಣಕಾಲುದ್ದ ನೀರು. ಆಚೆ ದಡದಲ್ಲಿ ಹುಣಸೆಮರಗಳ ಗುಂಪು, ಅದರ ಹಿಂದೆ ಜವರಯ್ಯನ ಹಳ್ಳಿ. ಬಂಗಲೆಯ ಜಗಲಿಯಲ್ಲಿ ನಿಂತರೆ ಅಲ್ಲಿನ ಒಲೆಯ ಹೊಗೆ ಕೂಡ ಕಾಣುತ್ತಿತ್ತು.

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಜವರಯ್ಯನ ಹೆಂಡತಿ ಚಿಕ್ಕಮಾದಮ್ಮ ಆ ಮರಳು ದಾಟಿಕೊಂಡು ಬಂದಳು. ಸೀರೆ ಮೊಣಕಾಲವರೆಗೆ ಒದ್ದೆ. ಗೇಟಿನ ಒಳಗೆ ಬರಲಿಲ್ಲ, ಹೊರಗಿನಿಂದಲೇ ತೋಟದ ಆಳನ್ನು ಕೂಗಿ ಕೇಳಿದಳು, ಅವನು ಹಗ್ಗ ಜಗ್ಗುತ್ತಲೇ ಗದ್ದದಿಂದ ಕಚೇರಿಯ ದಿಕ್ಕು ತೋರಿಸಿದ. ಅವಳು ಅತ್ತ ಹೋಗದೆ ಶಂಭುಲಿಂಗಪ್ಪನ ಹತ್ತಿರ ಬಂದಳು. ಇಂಗ್ಲಿಷ್ ಮಾತಾಡುವ ಬುದ್ದಿಯೋರು ಇವರೇ ಎಂದು ಯಾರೋ ಹೇಳಿರಬೇಕು.

‘ಒಂದ್ಗಳ್ಗೆ ಬುಟ್ಕೊಡಿ ಬುದ್ದಿ. ಬಾಯ್ಗೆ ನೀರು ಬುಟ್ಟು ತಿರ್ಗಾ ಬತ್ತಾರೆ, ಆಮೇಕೆ ಏನಾದ್ರೂ ಮಾಡ್ಕಳಿ. ನಾನು ನೀರು ಬುಟ್ರೆ ನಮ್ಮತ್ತೆ ನುಂಗಾಕಿಲ್ಲ. ಮಗ ಎಲ್ಲಿ ಅಂತ ಕಣ್ ಬುಡ್ತಾಳೆ, ಮುಚ್ಕೋತಾಳೆ.’

ಅವಳು ಅಳುತ್ತಿರಲಿಲ್ಲ. ಅತ್ತಿದ್ದರೆ ಗದರಬಹುದಾಗಿತ್ತು. ದೊರೆಗಳ ಊಟವಾಗಲಿ, ನೋಡೋಣ ಎಂದ. ನೋಡೋಣ ಎಂಬ ಮಾತು ಅವನಿಗೆ ಕಚೇರಿ ಕಲಿಸಿದ್ದು, ಎಲ್ಲ ಕಷ್ಟಕ್ಕೂ ಒದಗುವ ಮಾತು. ಅವಳು ಗೇಟಿನಾಚೆಯ ಹೊಂಗೆಮರದ ಕೆಳಗೆ ಕೂತಳು, ಹೊಳೆಯ ಕಡೆ ಮುಖ ಮಾಡಿ.

ಊಟಕ್ಕೆ ದೊರೆಗೆ ಕೋಳಿ, ರೊಟ್ಟಿ, ಅದೇನೋ ಬಿಳಿಯ ಸಿಹಿ. ಮಾಂಸದ ವಾಸನೆಗೆ ಮೂಗು ಅತ್ತ ತಿರುಗಿಸಿಕೊಂಡು ಶಂಭುಲಿಂಗಪ್ಪ ಬಾಗಿಲಲ್ಲೇ ನಿಂತಿದ್ದ. ಅವನೂ ಬೆಳಿಗ್ಗೆಯಿಂದ ಉಪವಾಸ. ಅರ್ಧ ತಿಂದು ತಟ್ಟೆ ಸರಿಸಿದ ದೊರೆ ಬಟ್ಲರನಿಗೆ, ‘ಟೇಕ್ ಅವೇ ದ ರೆಸ್ಟ್’ ಎಂದರು. ರೆಸ್ಟ್ ಎಂಬ ಸದ್ದು ಶಂಭುಲಿಂಗಪ್ಪನ ಕಿವಿಯಲ್ಲಿ ಉಳಿಯಿತು. ಬಟ್ಲರ ತಟ್ಟೆ, ಬೋಗುಣಿ ಎಲ್ಲ ಎತ್ತಿಕೊಂಡು ಹಿತ್ತಿಲಿಗೆ ಹೋದ. ಶಂಭುಲಿಂಗಪ್ಪ ಅವನ ಹಿಂದೆಯೇ ಹೋಗಿ, ಬೇರೇನೋ ಕೇಳಲು ಬಂದವನ ಹಾಗೆ ಒಂದೆರಡು ಮಾತಾಡಿ, ಆಮೇಲೆ ಕೇಳಿದ, ದೊರೆಗಳು ಈಗ ಅಂದರಲ್ಲ, ರೆಸ್ಟ್, ಹಾಗೆಂದರೆ ಏನು ಅಂತ ನಿಮ್ಮ ಕಡೆ ಹೇಳುತ್ತಾರೆ.

‘ಮಿಕ್ಕಿದ್ದು ಸ್ವಾಮಿ,’ ಎಂದ ಬಟ್ಲರ, ಮಿಕ್ಕ ಕೋಳಿಯ ತುಂಡನ್ನು ಬಾಯಿಗೆ ಹಾಕಿಕೊಳ್ಳುತ್ತ. ‘ನೀವು ಇಂಗ್ಲಿಷ್ ಓದಿದೋರು, ನನ್ನ ಕೇಳ್ತೀರಲ್ಲ.’

ಮಿಕ್ಕಿದ್ದು. ಆ ಬಡಪಾಯಿಗೆ ಮಿಕ್ಕಿದ್ದು ಕೊಡು. ಏನು ಮಿಕ್ಕಿದ್ದು? ಬೆಳಿಗ್ಗೆ ಮೇಜಿನ ಮೇಲೆ ರೊಟ್ಟಿ ಮಿಕ್ಕಿತ್ತೇ? ಹಾಗಾದರೆ ದೊರೆ ಜವರಯ್ಯನಿಗೆ ರೊಟ್ಟಿ ಕೊಡು ಅಂದರೇ? ಇಲ್ಲ, ಇರಲಾರದು, ಅದು ದ ರೆಸ್ಟ್, ಇದು ಅರೆಸ್ಟ್, ಎರಡೂ ಬೇರೆ. ಬೇರೆ ಎಂದು ಅಂದುಕೊಂಡಷ್ಟೂ ಪೂರ್ ಎಂಬ ಮಾತು ಎದ್ದುಬರುತ್ತಿತ್ತು. ಬೆಳಿಗ್ಗೆ ಆ ಮಾತು ಕಿವಿಗೆ ಬಿದ್ದಿತ್ತು, ಅದನ್ನು ಬಿಟ್ಟಿದ್ದ. ಅರೆಸ್ಟ್ ಮಾಡಿಸಬೇಕಾದವನನ್ನು ಯಾರಾದರೂ ಬಡಪಾಯಿ ಅನ್ನುತ್ತಾರೆಯೇ. ಅವನು ಒಳಕ್ಕೆ ಬಂದಾಗ ದೊರೆ ಬೂಟು ಕಳಚಿ, ಬಾಗಿಲ ಬಳಿಯ ಉದ್ದ ಕೈಯ ಆರಾಮಕುರ್ಚಿಯಲ್ಲಿ ಮೈಚಾಚಿದ್ದರು. ಎರಡೂ ಕಾಲುಗಳನ್ನು ಕುರ್ಚಿಯ ಕೈಗಳ ಮೇಲೆ ನೀಡಿದ್ದರು. ಟೋಪಿಯನ್ನು ಮುಖದ ಮೇಲೆ ಎಳೆದುಕೊಳ್ಳುವ ಮೊದಲು ಅವರು ಅವನ ಬೆವರಿದ ಮುಖ ನೋಡಿ, ಬಹಳ ಸ್ನೇಹದಿಂದ, ಮಕ್ಕಳಿಗೆ ಹೇಳುವಂತೆ ಬಿಡಿಬಿಡಿಯಾಗಿ ಹೇಳಿದರು, ‘ನೌ ಐ ಶಲ್ ಹ್ಯಾವ್ ಎ ರೆಸ್ಟ್. ಯೂ ಹ್ಯಾವ್ ಎ ರೆಸ್ಟ್ ಟೂ.’ ಎ ಒಂದು ಕಡೆ, ರೆಸ್ಟ್ ಒಂದು ಕಡೆ. ನಡುವೆ ಒಂದು ಚಿಟಿಕೆಯಷ್ಟು ಜಾಗ. ಬೆಳಿಗ್ಗೆ ಆ ಜಾಗ ಅವನಿಗೆ ಕೇಳಿಸಿರಲಿಲ್ಲ, ಅದರೊಳಗೆ ಒಬ್ಬ ಮನುಷ್ಯ ಸಿಕ್ಕಿಬಿದ್ದಿದ್ದ.

ಅವನಿಗೆ ಆ ಮಾತು ಗೊತ್ತಿತ್ತು. ಇದೇ ಎಲ್ಲಕ್ಕಿಂತ ಹೆಚ್ಚಿನ ಅವಮಾನ. ನಂಜನಗೂಡಿನ ಶಾಲೆಯಲ್ಲಿ ಬೆಸ್ಟ್, ನೆಸ್ಟ್, ರೆಸ್ಟ್, ವೆಸ್ಟ್ ಎಂದು ಸಾಲಾಗಿ ಬಾಯಿಪಾಠ ಮಾಡಿಸಿದ್ದರು. ಕಪಿಲೆಯ ಸೋಪಾನದ ಮೇಲೆ ಕೂತು ಅಕ್ಷರಗಳನ್ನು ಕೂಗಿ ಕೂಗಿ ಹೇಳಿಕೊಳ್ಳುತ್ತಿದ್ದ, ಸ್ನಾನಕ್ಕೆ ಬಂದವರು ಮಂತ್ರವೆಂದು ನಿಂತು ಕೇಳುತ್ತಿದ್ದರು. ಆರ್ ಈ ಎಸ್ ಟೀ. ಅಕ್ಷರ ತಪ್ಪಿದರೆ ಮೇಷ್ಟರು ಬೆರಳ ಗೆಣ್ಣಿಗೆ ಹೊಡೆಯುತ್ತಿದ್ದರು, ಅರ್ಥ ಮಾತ್ರ ಯಾರೂ ಕೇಳುತ್ತಿರಲಿಲ್ಲ. ಹುಲ್ಲಹಳ್ಳಿಯಿಂದ ಅಪ್ಪ ಗಾಡಿ ಕಟ್ಟಿಕೊಂಡು ಬಂದಾಗ, ದಾರಿಯುದ್ದಕ್ಕೂ ಮಗನಿಂದ ಇಂಗ್ಲಿಷ್ ಹೇಳಿಸಿ ಎತ್ತುಗಳಿಗೆ ಕೇಳಿಸುವನು. ಅಪ್ಪನ ಹೊಲದಲ್ಲಿ ಮಧ್ಯಾಹ್ನ ಉಳುಮೆ ನಿಂತಾಗ, ಮರದಡಿ ಬುತ್ತಿ ಬಿಚ್ಚಿ, ‘ಒಸಿ ದಣಿವಾರ್ಸ್ಕೊಳ್ಲಾ ಮಗಾ’ ಎನ್ನುವನು. ದಣಿವಾರಿಸಿಕೊಳ್ಳುವುದು ಎಂದರೆ ದಣಿದವನು ತಾನೇ ಮಾಡಿಕೊಳ್ಳುವ ಕೆಲಸ. ಬಾಯಾರಿದವನು ತಾನೇ ನೀರು ಕುಡಿಯುವ ಹಾಗೆ. ಒಬ್ಬರು ಇನ್ನೊಬ್ಬರಿಗೆ ಕೊಡುವ ವಸ್ತು ಅದಲ್ಲ. ದೊರೆಗಳ ಭಾಷೆಯಲ್ಲಿ ಅದನ್ನೂ ಕೊಡಬಹುದು ಎಂದು ಯಾರಿಗೆ ಹೊಳೆಯಬೇಕು? ದೊರೆಗಳು ಈ ನಾಡಿಗೆ ಇಲ್ಲಿಯವರೆಗೆ ಕೊಟ್ಟದ್ದು ಅರೆಸ್ಟೇ ಅಲ್ಲವೇ, ಮೊದಲು ಬಂದ ಮಾತು ಅದು, ಎಂದು ತನ್ನನ್ನು ತಾನೇ ಸಮರ್ಥಿಸಿಕೊಳ್ಳಲು ಹೊರಟವನು ಅರ್ಧಕ್ಕೇ ಬಿಟ್ಟ. ದೊರೆ ಅಂದದ್ದು ಇಷ್ಟೇ, ಪಾಪ, ಅವನು ಸ್ವಲ್ಪ ದಣಿವಾರಿಸಿಕೊಳ್ಳಲಿ. ಅದನ್ನು ತಾನು ಅದೇ ಮಾತಿನಲ್ಲಿ ಹೇಳಿದ್ದರೆ ಜವರಯ್ಯ ಹೊಳೆ ದಾಟಿ ಮನೆಗೆ ಹೋಗುತ್ತಿದ್ದ. ಇಷ್ಟು ಹೊತ್ತಿಗೆ ತಾಯಿಯ ತಲೆ ಅವನ ತೊಡೆಯ ಮೇಲಿರುತ್ತಿತ್ತು.

ಚಿಕ್ಕಮಾದಮ್ಮ ಮರದ ಕೆಳಗೆ ಕೂತೇ ಇದ್ದಳು. ಅವಳನ್ನು ದಾಟಿಯೇ ಕಚೇರಿಗೆ ಹೋಗಬೇಕಾಗಿತ್ತು. ಅವನು ಹೊರಟಿದ್ದನ್ನು ಕಂಡು ಅವಳು ಎದ್ದು ನಿಂತಳು. ಬಿಡಿಸುತ್ತೇನೆ, ಈಗಲೇ ಬಿಡಿಸುತ್ತೇನೆ, ನನ್ನ ತಪ್ಪು ಎಂದು ಹೇಳಿಬಿಡುತ್ತೇನೆ ಎಂದುಕೊಂಡೇ ಅವನು ದಾರಿಯುದ್ದಕ್ಕೂ ನಡೆದ. ಮುಖ ಬೆಚ್ಚಗಾಗಿತ್ತು, ಒಳ್ಳೆಯದು ಮಾಡಲು ಹೊರಟವನ ಬಿಸಿ ಅದು. ಕಚೇರಿಯ ಮೆಟ್ಟಿಲು ಹತ್ತುವವರೆಗೂ ಅದು ಆರಲಿಲ್ಲ. ಒಳಗೆ ಮುನ್ಷಿ ಶ್ರೀಕಂಠಯ್ಯನವರು ದಿಂಬಿಗೊರಗಿ ಅಡಕೆ ಅಗಿಯುತ್ತಿದ್ದರು, ಇನ್ನಿಬ್ಬರು ನಕಲು ಗುಮಾಸ್ತರು ಲೇಖನಿ ಕೆಳಗಿಟ್ಟು ಇವನನ್ನೇ ನೋಡಿದರು. ಮೂಲೆಯ ಬಂದೀಖಾನೆಯ ಕಂಬಿಗಳ ಹಿಂದೆ ಕತ್ತಲೆಯಿತ್ತು. ಅಲ್ಲಿಂದ ಸದ್ದಿಲ್ಲ.

‘ಏನಯ್ಯಾ ದುಭಾಷಿ, ಟಸ್‌ಪುಸ್ ಜೋರಾಗಿ ನಡೆದಿದೆಯೋ?’ ಎಂದರು ಮುನ್ಷಿ. ಗುಮಾಸ್ತರು ನಕ್ಕರು. ಮುನ್ಷಿ ನಗಲಿಲ್ಲ. ‘ನೋಡು, ನಿದ್ದೆ ಮಾಡಿದ್ದಕ್ಕೆ ಅರೆಸ್ಟು ಅಂದರೆ ನನಗೆ ಯಾಕೋ ಸರಿಕಾಣಲಿಲ್ಲ. ದೊರೆ ಬಾಯಿಂದ ಏನು ಬಂತು, ಬಂದ ಹಾಗೇ ಹೇಳು. ನಾಳೆ ಅಮಲ್ದಾರರು ಬಂದು ನನ್ನನ್ನ ಕೇಳ್ತಾರೆ.’

ತಪ್ಪೊಪ್ಪಿಕೊಳ್ಳಲು ಬಾಗಿಲು ತೆರೆದೇ ಇತ್ತು. ಒಂದು ಹೆಜ್ಜೆ ಇಟ್ಟಿದ್ದರೆ ಸಾಕಾಗಿತ್ತು. ಗಿವ್ ದಟ್ ಪೂರ್ ಫೆಲೋ ಎ ರೆಸ್ಟ್ ಎಂದು, ನಡುವಿನ ಜಾಗ ಬಿಟ್ಟು ಹೇಳಿದ್ದರೆ ಇಂಗ್ಲಿಷ್ ಆಡಲು ಬಾರದಿದ್ದರೂ ಓದಿ ಬಲ್ಲ ಮುನ್ಷಿ ಅರೆಗಳಿಗೆಯಲ್ಲಿ ತಿಳಿದುಕೊಳ್ಳುತ್ತಿದ್ದರು. ಆಮೇಲೆ ಆ ನಗು ಕಚೇರಿಯಿಂದ ಅಂಚೆಮನೆಗೆ, ಅಂಚೆಮನೆಯಿಂದ ಪೇಟೆಗೆ, ಬನ್ನೂರಿನ ಸಂತೆಗೆ, ಹುಲ್ಲಹಳ್ಳಿಯಲ್ಲಿ ಅಪ್ಪ ಕೂರುವ ಅರಳಿಕಟ್ಟೆಗೆ ಹೋಗುತ್ತಿತ್ತು. ರೆಸ್ಟು ಅಂದರೆ ಅರೆಸ್ಟು ಅಂದನಂತೆ. ಸಾಯುವವರೆಗೂ ಅದೇ ಅವನ ಹೆಸರಾಗುತ್ತಿತ್ತು. ಶಂಭುಲಿಂಗಪ್ಪ ಗುಮಾಸ್ತರ ಮುಖಗಳನ್ನು ನೋಡಿದ. ಅವರ ತುಟಿಗಳು ಆಗಲೇ ತಯಾರಾಗಿದ್ದವು.

‘ಅರೆಸ್ಟ್ ಹಿಮ್ ಅಂದರು ಸ್ವಾಮಿ.’

‘ಅಷ್ಟೇನೋ?’

‘ಅಷ್ಟೇ.’

ಬೆಳಿಗ್ಗೆ ಅವನು ಹೇಳಿದ್ದು ಕಿವಿಯ ತಪ್ಪು. ಈಗ ಹೇಳಿದ್ದು ಬೇರೆ. ಅವೆರಡರ ನಡುವಿನ ವ್ಯತ್ಯಾಸ ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಹೇಳಿದ್ದ. ಕಂಬಿಗಳ ಹಿಂದಿನಿಂದ, ‘ಬುದ್ದಿ, ನಮ್ಮೋರು ಯಾರಾದ್ರೂ ಬಂದಿದ್ರಾ?’ ಎಂಬ ದನಿ ಬಂತು. ಅವನು ಕೇಳಿಸದವನ ಹಾಗೆ ಮೆಟ್ಟಿಲಿಳಿದ.

ಹಿಂದಕ್ಕೆ ನಡೆಯುವಾಗ ಒಂದು ಉಪಾಯ ಹೊಳೆಯಿತು. ಹೊಳೆದಾಗ ಸಂತೋಷವೂ ಆಯಿತು, ಅದನ್ನು ನೆನೆದರೆ ಅವನಿಗೆ ಆಮೇಲೆ ಬಹಳ ದಿನ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು. ದೊರೆಗೆ ನಾನೇ ಬಿನ್ನಹ ಮಾಡಿಕೊಂಡೆ, ದೊರೆ ಮನ್ನಿಸಿದರು ಎಂದು ಕಲ್ಲಯ್ಯನಿಗೆ ಹೇಳಿಬಿಟ್ಟರೆ ತೀರಿತು. ಜವರಯ್ಯ ಮನೆಗೆ ಹೋಗುತ್ತಾನೆ, ಮುನ್ಷಿಯ ಅನುಮಾನ ಕಳೆಯುತ್ತದೆ, ಇಂಗ್ಲಿಷಿನ ಮಾನವೂ ಉಳಿಯುತ್ತದೆ. ಒಂದೇ ತೊಡಕು, ದೊರೆ ಮಲಗಿದ್ದಾರೆಂಬುದು ಕಲ್ಲಯ್ಯನಿಂದ ಹಿಡಿದು ಎಲ್ಲರಿಗೂ ಗೊತ್ತು. ಮಲಗಿದವರು ಮನ್ನಿಸುವುದು ಹೇಗೆ? ಅವರು ಏಳಬೇಕು. ಎದ್ದು ಟೀ ಕುಡಿಯಬೇಕು. ಅಲ್ಲಿಯವರೆಗೆ ಕಾಯಬೇಕು. ಅವನು ಜಗಲಿಯ ಕಂಬಕ್ಕೊರಗಿ ಕಾದ. ತೆರೆದ ಬಾಗಿಲೊಳಗೆ ದೊರೆಯ ಟೋಪಿ ಉಸಿರಿಗೆ ತಕ್ಕಂತೆ ಏರಿ ಇಳಿಯುತ್ತಿತ್ತು. ತೋಟದ ಆಳು ಹೊಸ ಕೆಲಸಕ್ಕೆ ಕೈ ಹೊಂದಿಸಿಕೊಂಡಿದ್ದ, ಈಗ ಹಗ್ಗ ಒಂದೇ ಸಮನೆ ಉಜ್ಜುತ್ತಿತ್ತು, ದೊರೆಗೆ ಇನ್ನಷ್ಟು ಗಾಢ ನಿದ್ದೆ. ಕೆಮ್ಮಿದರೆ ಏಳಬಹುದೆಂದು ಶಂಭುಲಿಂಗಪ್ಪ ಒಂದು ಸಲ ಕೆಮ್ಮಿದ. ಬಟ್ಲರ ಒಳಗಿನಿಂದ ಬಂದು ಬೆರಳನ್ನು ಬಾಯಮೇಲಿಟ್ಟು ಕಣ್ಣು ಬಿಟ್ಟ. ಗೇಟಿನಾಚೆ ಮರದ ನೆರಳು ಸರಿದು ಚಿಕ್ಕಮಾದಮ್ಮನ ಮೇಲೆ ಬಿಸಿಲು ಬಿದ್ದಿತ್ತು. ಅವಳು ಜಾಗ ಬದಲಿಸಲಿಲ್ಲ. ಆಮೇಲೆ ಒಬ್ಬ ಹೆಂಗಸು ಹೊಳೆಯಾಚೆಯಿಂದ ಬಂದು ಅವಳ ಕಿವಿಯಲ್ಲಿ ಏನೋ ಹೇಳಿದಳು. ಇಬ್ಬರೂ ಎದ್ದು ಬಂಗಲೆಯ ಕಡೆ ಒಂದು ಸಲ ನೋಡಿ, ಬೇಗ ಬೇಗ ಮರಳಿಗಿಳಿದು ಹೋದರು. ಅವಳು ಹೋದದ್ದರಿಂದ ಅವನಿಗೆ ಒಂದು ಕ್ಷಣ ಹಗುರವೆನಿಸಿತು. ಯಾಕೆ ಹೋದಳೆಂದು ಆಮೇಲೆ ಯೋಚಿಸಿದ.

ದೊರೆ ಎದ್ದಾಗ ಬಿಸಿಲು ಕೆಂಪಾಗಿತ್ತು. ಅವರು ಮೈಮುರಿದು, ಟೀ ಕುಡಿದು, ಹೊಳೆ ಚೆನ್ನಾಗಿ ಕಾಣುತ್ತದೆ ಎಂದರು. ಶಂಭುಲಿಂಗಪ್ಪ ಯೆಸ್ ಸರ್ ಎಂದ. ಅವರಿಗೆ ಇನ್ನೇನನ್ನೂ ಹೇಳಲಿಲ್ಲ. ಅಲ್ಲಿಂದ ಕಚೇರಿಗೆ ಅವನು ಓಡಿದ. ಓಡುವುದು ಕೋಟು ತೊಟ್ಟವನಿಗೆ ತಕ್ಕದ್ದಲ್ಲ, ಆದರೂ ಓಡಿದ. ‘ದೊರೆಗಳಿಗೆ ಹೇಳಿ ಬಿಡಿಸಿದ್ದೇನೆ, ತೆಗಿ’ ಎಂದ. ಕಲ್ಲಯ್ಯ ಬೀಗ ತೆಗೆದ. ಜವರಯ್ಯ ಹೊರಗೆ ಬಂದವನೇ ಶಂಭುಲಿಂಗಪ್ಪನ ಕಾಲಿನ ಮೇಲೆ ಬಿದ್ದ. ಅವನ ಹಣೆ ಬಿಸಿಯಾಗಿತ್ತು, ಚಪ್ಪಲಿಯಾಚೆ ಇಣುಕಿದ ಬೆರಳುಗಳಿಗೆ ತಗುಲಿತು.

‘ನಿಮ್ಮ ಒಟ್ಟೆ ತಣ್ಣಗಿರ್ಲಿ ಬುದ್ದಿ,’ ಎಂದು ಎದ್ದವನು ಮತ್ತೆ ಹಿಂದೆ ನೋಡಲಿಲ್ಲ.

ಶಂಭುಲಿಂಗಪ್ಪ ಮರಳಿನ ಅಂಚಿನವರೆಗೆ ಹೋಗಿ ನಿಂತ. ಜವರಯ್ಯ ಓಡುತ್ತಿದ್ದ, ಮರಳಿನಲ್ಲಿ ಕಾಲು ಹೂತು ಓಟ ಸಾಗುತ್ತಿರಲಿಲ್ಲ. ನೀರಿಗಿಳಿದ. ನಡುನೀರಿನಲ್ಲಿದ್ದಾಗ ಆಚೆ ದಡದ ಹುಣಸೆಮರಗಳ ಹಿಂದಿನಿಂದ ಹೆಂಗಸರ ದನಿ ಎದ್ದಿತು. ಮೊದಲು ಒಂದು, ಅದನ್ನು ಹಿಡಿದು ಹಲವು. ಹೊಳೆಯ ಮೇಲೆ ಸದ್ದು ಬಲು ಸ್ಪಷ್ಟವಾಗಿ ಬರುತ್ತದೆ. ಜವರಯ್ಯ ನಿಂತುಬಿಟ್ಟ. ಇನ್ನು ಅವಸರವಿಲ್ಲವೆಂದು ತಿಳಿದವನ ಹಾಗೆ, ಮೊಣಕಾಲುದ್ದ ನೀರಿನಲ್ಲಿ, ಎರಡೂ ಕೈ ಇಳಿಬಿಟ್ಟುಕೊಂಡು. ಆಮೇಲೆ ಬಗ್ಗಿ ಬೊಗಸೆಯಲ್ಲಿ ನೀರು ತೆಗೆದುಕೊಂಡ. ಅದನ್ನು ಕುಡಿಯಲಿಲ್ಲ, ಚೆಲ್ಲಲೂ ಇಲ್ಲ. ಬೊಗಸೆಯನ್ನು ಎದೆಗೆ ಹಿಡಿದುಕೊಂಡು ಮೆಲ್ಲಗೆ ದಡದ ಕಡೆ ನಡೆದ. ಬೆರಳ ಸಂದಿನಿಂದ ನೀರು ಸೋರುತ್ತಿರಬೇಕು, ಇಷ್ಟು ದೂರದಿಂದ ಕಾಣುತ್ತಿರಲಿಲ್ಲ. ಶಂಭುಲಿಂಗಪ್ಪನಿಗೆ ಅಳು ಬಂತು. ಬಂದ ಅಳುವಿಗೂ ನಾಚಿಕೆಯಾಯಿತು. ಎರವಲು ಕೋಟಿನ ತೋಳಿಗೆ ಕಣ್ಣೊರೆಸಬಾರದೆಂದು ಅಂಗೈಯಿಂದ ಒರೆಸಿಕೊಂಡ.

ಮಾರನೆಯ ಬೆಳಿಗ್ಗೆ ದೊರೆಯ ಕುದುರೆಗಾಡಿ ನಂಜನಗೂಡಿಗೆ ಹೊರಡಲು ಬಂಗಲೆಯ ಮುಂದೆ ನಿಂತಿತ್ತು, ಅಲ್ಲಿಂದ ರೈಲು. ಶಂಭುಲಿಂಗಪ್ಪ ಬರುವಾಗಲೇ ಹಗ್ಗದ ಸದ್ದು ಕೇಳಿಸಿತು. ಯಾರ ಕೈಯೆಂದು ಕಿವಿಗೆ ತಿಳಿಯಿತು, ಹೆಜ್ಜೆ ಹಿಂದೆಗೆಯಿತು. ಜವರಯ್ಯ ತನ್ನ ಜಾಗದಲ್ಲಿ ಗೋಡೆಗೊರಗದೆ ನೆಟ್ಟಗೆ ಕೂತು ಎಳೆಯುತ್ತಿದ್ದ. ಉಗುರುಗಳ ಸಂದಿಯಲ್ಲಿ ಕೆಂಪುಮಣ್ಣು. ಒಳಗೆ ಯಾರೂ ಇರಲಿಲ್ಲ, ಖಾಲಿ ಕೋಣೆಗೆ ಗಾಳಿ ಬೀಸುತ್ತಿದ್ದ.

‘ಇವತ್ತು ಯಾಕೆ ಬಂದೆ? ಸೂತಕವಲ್ಲವೇ?’

‘ಅಗ್ಗ ಗ್ವಾಡೆಯಿಂದಾಚೆನೇ ಅದಲ್ಲ ಬುದ್ದಿ, ಸೂತ್ಕ ಒಳಕ್ಕೆ ಬರಾಕಿಲ್ಲ. ಬರ್ನಿಲ್ಲ ಅಂದ್ರೆ ತಿರ್ಗಾ ಇಡೀತಾರೆ ಅಂತ ಬಂದೆ.’ ಆಮೇಲೆ ದನಿ ತಗ್ಗಿಸಿ ಹೇಳಿದ, ‘ನೀವು ಬುಡಿಸ್ದೆ ಓಗಿದ್ರೆ ಮಣ್ಣಿಗೂ ಆಯ್ತಿರ್ನಿಲ್ಲ. ನಿಮ್ಮಿಂದ ಮಣ್ಣಿಗಾದ್ರೂ ಆದೆ. ಅದ ಮರೆಯಾಕಿಲ್ಲ ಬುದ್ದಿ.’

ಹೇಳಿಬಿಡಬೇಕು ಎಂದು ಶಂಭುಲಿಂಗಪ್ಪ ಬಾಯಿ ತೆರೆದ. ಆದರೆ ಆಗಲೇ ದೊರೆ ಹೊರಗೆ ಬಂದಿದ್ದರು, ಅವರ ಹಿಂದೆ ಪೆಟ್ಟಿಗೆ ಹೊತ್ತ ಬಟ್ಲರ. ದೊರೆ ಶಂಭುಲಿಂಗಪ್ಪನ ಹೆಗಲು ತಟ್ಟಿ ಉದ್ದಕ್ಕೆ ಏನೋ ಹೇಳಿದರು. ಅದರಲ್ಲಿ ಅವನಿಗೆ ಸಿಕ್ಕಿದ್ದು ಮೊದಲ ಎರಡೇ ಮಾತು, ‘ರೆಸ್ಟ್ ಅಶ್ಯೂರ್ಡ್’. ಆ ಸದ್ದಿಗೆ ಅವನ ಬೆನ್ನು ಸೆಟೆಯಿತು. ಬಟ್ಲರ ಮುಂದೆ ಬಾಗಿ, ಸಹಾಯ ಮಾಡುವವನ ಹಾಗೆ ಕನ್ನಡದಲ್ಲಿ ಪಿಸುಗುಟ್ಟಿದ, ‘ನೆಮ್ಮದಿಯಾಗಿರಿ ಅಂತಾರೆ ಸ್ವಾಮಿ. ನಿಮ್ಮ ಇಂಗ್ಲಿಷ್ ಚೆನ್ನಾಗಿದೆ, ಅಮಲ್ದಾರರಿಗೆ ಬರೀತೀನಿ ಅಂತಾರೆ.’ ಶಂಭುಲಿಂಗಪ್ಪ ಥ್ಯಾಂಕ್ಯೂ ಸರ್ ಎಂದ. ಅದು ತಾನಾ‌ಗಿಯೇ ಬಂತು.

ಮೆಟ್ಟಿಲಿಳಿಯುತ್ತಿದ್ದ ದೊರೆಯ ಕಣ್ಣು ಜವರಯ್ಯನ ಮೇಲೆ ಬಿತ್ತು. ಗುರುತು ಸಿಕ್ಕಿತು, ಮುಖ ಅರಳಿತು. ನಿಜವಾಗಿ ಒಳ್ಳೆಯ ಮನುಷ್ಯನ ಮುಖ ಅದು, ಅಷ್ಟು ಹತ್ತಿರದಿಂದ ಶಂಭುಲಿಂಗಪ್ಪ ಅದನ್ನು ನೋಡಿಯೇ ಇರಲಿಲ್ಲ. ಅವರು ಶಂಭುಲಿಂಗಪ್ಪನ ಕಡೆ ತಿರುಗಿ, ನಿನ್ನೆಯ ಹಾಗೇ ಬಿಡಿಬಿಡಿಯಾಗಿ ಹೇಳಿದರು, ‘ಆಸ್ಕ್ ಹಿಮ್. ಡಿಡ್ ಹಿ ಹ್ಯಾವ್ ಎ ಗುಡ್ ರೆಸ್ಟ್?’

ಶಂಭುಲಿಂಗಪ್ಪ ಬಾಯಿ ತೆರೆಯುವ ಮೊದಲೇ ಹಗ್ಗದ ಸದ್ದು ನಿಂತಿತು. ಜವರಯ್ಯನಿಗೆ ಇಂಗ್ಲಿಷಿನ ಬೇರೆ ಯಾವ ಮಾತೂ ಬರುತ್ತಿರಲಿಲ್ಲ, ಅರೆಸ್ಟ್ ಎಂಬ ಒಂದು ಮಾತು ಗೊತ್ತಿತ್ತು, ಈಗ ಅವನ ಕಿವಿಗೆ ಬಿದ್ದದ್ದೂ ಅದೇ. ಅವನು ಎದ್ದು ನಿಂತ. ದೊರೆಯನ್ನೂ ನೋಡದೆ, ಶಂಭುಲಿಂಗಪ್ಪನನ್ನೂ ನೋಡದೆ, ಹೆಗಲ ಮೇಲಿನ ವಸ್ತ್ರ ತೆಗೆದು ಮೆಟ್ಟಿಲ ಮೇಲಿಟ್ಟು, ಮಣ್ಣು ಮೆತ್ತಿದ ಎರಡೂ ಕೈಗಳನ್ನು ಜೋಡಿಸಿ ಮುಂದೆ ನೀಡಿದ.

ದೊರೆ ಅದನ್ನು ನಮಸ್ಕಾರವೆಂದು ತಿಳಿದು ಟೋಪಿ ಮುಟ್ಟಿಕೊಂಡರು. ಉತ್ತರಕ್ಕಾಗಿ ಶಂಭುಲಿಂಗಪ್ಪನನ್ನು ನೋಡಿದರು.

‘ಯೆಸ್ ಸರ್,’ ಎಂದ ಶಂಭುಲಿಂಗಪ್ಪ. ‘ಗುಡ್ ರೆಸ್ಟ್, ಸರ್.’

ಗಾಡಿ ಹೊರಟು, ಧೂಳು ಎದ್ದು, ಧೂಳು ಕೂತಿತು. ಜವರಯ್ಯ ಕೈ ನೀಡಿಕೊಂಡೇ ನಿಂತಿದ್ದ.